ಈ ಫೋಟೋ ತೆಗೆಸಿದ್ದು ಯಾರು? ಹಳೇ ಮುಂಬಯಿಯ ಚಿತ್ರಗಳು, ಹಳೇ ಮುಂಬಯಿಯ ದಫ್ತರಗಳು

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಾತುಂಗಾದಲ್ಲಿ ನಡೆದ ನನ್ನ ಉಪನ್ಯಾಸಕ್ಕೆ ಬರಲಾಗದ ಗೆಳೆಯರು ಅದನ್ನು ಬರೆದು ಕೊಡಿ ಎಂದು ಕೇಳಿದ್ದರು. ಆವತ್ತು ಪರದೆಯ ಮೇಲೆ ಚಿತ್ರ ತೋರಿಸುತ್ತಾ ಮಾತಾಡಿದ್ದೆ. ಇಲ್ಲಿ ಚಿತ್ರ ಇಲ್ಲದ ಕಾರಣ ಅವುಗಳಲ್ಲಿ ಏನಿದೆ ಎಂದು ಸ್ವಲ್ಪ ಬಿಡಿಸಿ ಹೇಳಿದ್ದೇನೆ.

ಹಳೇ ಮುಂಬಯಿಯ ಫೋಟೋಗಳು ಈಗ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿವೆ. ಹಾರ್ನ್‌ಬಿ ರಸ್ತೆ, ವಿಕ್ಟೋರಿಯಾ ಟರ್ಮಿನಸ್, ಕೊಲಾಬಾ, ರಾಜಾಬಾಯಿ ಗಡಿಯಾರ ಗೋಪುರ. ನೋಡಿದ ತಕ್ಷಣ ನಾವು ಅನ್ನುವುದು ಏನು? ಆಗ ಊರು ಎಷ್ಟು ಶಾಂತವಾಗಿತ್ತು, ರಸ್ತೆ ಎಷ್ಟು ಖಾಲಿ, ಎಷ್ಟು ಸ್ವಚ್ಛ, ಅಲ್ವಾ? ಇವತ್ತಿನ ನನ್ನ ಮಾತು ಇದರ ಬಗ್ಗೆಯೇ. ಫೋಟೋ ನೋಡಿ ಮೆಚ್ಚುವ ಮೊದಲು ಇದನ್ನು ತೆಗೆಸಿದ್ದು ಯಾರು, ಯಾತಕ್ಕೆ, ದುಡ್ಡು ಯಾರದು ಅಂತ ಕೇಳಬೇಕು. ಆಮೇಲೆ ಅದೇ ಕಾಲದ ಜನಗಣತಿ, ನಕ್ಷೆ, ಮುನ್ಸಿಪಾಲಿಟಿ ವರದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ನೋಡಬೇಕು. ಎರಡನೇ ಸಲ ಕಾಣುವ ಊರೇ ಬೇರೆ.

ಮೊದಲು ಆ ಖಾಲಿ ರಸ್ತೆಯ ವಿಷಯ ಮುಗಿಸಿಬಿಡೋಣ. 1850ರ ದಶಕದಿಂದ 1870ರ ದಶಕದವರೆಗೆ ಹೆಚ್ಚಿನವರು ಬಳಸುತ್ತಿದ್ದದ್ದು ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟು ಸವರಿ, ಬೆಳ್ಳಿಯ ಉಪ್ಪಿನ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಒಣಗುವ ಮೊದಲೇ ತೊಳೆದು ಮುಗಿಸಬೇಕಾದ ವಿಧಾನ. ಮುಂಬಯಿಯ ಸೆಕೆಯಲ್ಲಿ ಅದು ಇನ್ನೂ ಬೇಗ ಒಣಗುತ್ತದೆ. ಹೊರಗೆ ಹೋಗಬೇಕಾದರೆ ಕತ್ತಲೆ ಡೇರೆ, ಬಾಟಲಿ, ನೀರು, ಕೂಲಿಯಾಳು ಎಲ್ಲವೂ ಜೊತೆಗೆ ಬೇಕು. ಮುಚ್ಚಳ ತೆಗೆದು ಕೆಲವು ಸೆಕೆಂಡು ಬಿಡಬೇಕಿತ್ತು. ಅಷ್ಟರಲ್ಲಿ ನಡೆದು ಹೋದವರು ಚಿತ್ರದಲ್ಲಿ ಉಳಿಯುವುದಿಲ್ಲ. ಎತ್ತಿನ ಗಾಡಿ ಮಂಜಿನ ಹಾಗೆ ಒಂದು ಗೆರೆಯಾಗುತ್ತದೆ. ಅಂದರೆ ರಸ್ತೆ ಖಾಲಿ ಇರಲಿಲ್ಲ, ನಡೆದಾಡುವ ಜನರನ್ನು ಹಿಡಿಯುವ ಶಕ್ತಿ ಆ ಕ್ಯಾಮೆರಾಕ್ಕೆ ಇರಲಿಲ್ಲ. ಹಾಗಾಗಿ ಆ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುವುದು ಕಟ್ಟಡ, ಮತ್ತು ಅಲ್ಲಾಡದೆ ನಿಲ್ಲಿ ಎಂದು ಯಾರೋ ನಿಲ್ಲಿಸಿದ ಮನುಷ್ಯರು. ಈ ನಿಲ್ಲಿಸಿದವರ ಬಗ್ಗೆ ಆಮೇಲೆ ಹೇಳುತ್ತೇನೆ.

ಮುಂಬಯಿಗೆ ಕ್ಯಾಮೆರಾ ಬಹಳ ಬೇಗ ಬಂತು. ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿದ್ದು 1854ರಲ್ಲಿ. ಇಂಗ್ಲಿಷರ ಜೊತೆ ಇಲ್ಲಿಯವರೂ ಅದರಲ್ಲಿದ್ದರು, ಡಾಕ್ಟರ್ ಭಾವು ದಾಜಿ ಅವರಲ್ಲಿ ಒಬ್ಬರು. ಅವರ ತಮ್ಮ ನಾರಾಯಣ ದಾಜಿಯೂ ಒಳ್ಳೆಯ ಛಾಯಾಗ್ರಾಹಕ. ಮರುವರ್ಷವೇ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೋ ತೆಗೆಯುವುದನ್ನು ಕಲಿಸುವ ತರಗತಿ ಶುರುವಾಯಿತು. ಹರಿಶ್ಚಂದ್ರ ಚಿಂತಾಮಣಿ ಅಲ್ಲಿ ಕಲಿತವರು, ಆಮೇಲೆ ಸ್ವಂತ ಸ್ಟುಡಿಯೋ ಇಟ್ಟರು. ಕ್ಯಾಮೆರಾ ಹಿಡಿದವರೆಲ್ಲ ಬಿಳಿಯರು ಎಂದು ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಮುಂಬಯಿಯ ಮಟ್ಟಿಗೆ ಮೊದಲ ದಿನದಿಂದಲೂ ಅದು ನಿಜವಲ್ಲ.

ಅದೇ ಗುಂಪಿನ ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್ಸನ್ 1856ರಿಂದ 1858ರವರೆಗೆ ತಿಂಗಳಿಗೊಂದರಂತೆ ಒಂದು ಆಲ್ಬಂ ಹೊರಡಿಸಿದರು. ಅಚ್ಚು ಹಾಕಿದ ಚಿತ್ರಗಳಲ್ಲ, ನಿಜವಾದ ಫೋಟೋ ಪ್ರತಿಗಳನ್ನೇ ಅಂಟಿಸಿ ಮಾರುತ್ತಿದ್ದರು. ಆಮೇಲೆ ಜಾನ್ಸನ್ 1863 ಮತ್ತು 1866ರಲ್ಲಿ ಮುಂಬಯಿಯ ಜನಜಾತಿಗಳ ಬಗ್ಗೆ ಎರಡು ಸಂಪುಟ ತಂದ. ಬನಿಯಾ, ಬ್ರಾಹ್ಮಣ, ಮೀನುಗಾರ ಎಂದು ಒಂದೊಂದು ಸಮುದಾಯಕ್ಕೂ ಒಂದೊಂದು ಚಿತ್ರ. ನೋಡಿದರೆ ಜನ ತಮ್ಮ ಊರಿನಲ್ಲಿ, ದೇವಸ್ಥಾನದ ಮುಂದೆ, ಸಮುದ್ರದ ದಂಡೆಯಲ್ಲಿ ನಿಂತ ಹಾಗೆ ಕಾಣುತ್ತದೆ. ಹಾಗೆ ನಿಂತದ್ದಲ್ಲ. ಜನರನ್ನು ಒಂದು ಕಡೆ ನಿಲ್ಲಿಸಿ ಚಿತ್ರ ತೆಗೆದು, ಬೇರೆ ಕಡೆ ತೆಗೆದ ಹಿನ್ನೆಲೆಯನ್ನು ಅದಕ್ಕೆ ಕೂಡಿಸಿದ್ದಾರೆ. ಹಳೇ ಆಲ್ಬಂನಲ್ಲಿ ಸಾದಾ ಹಿನ್ನೆಲೆಯ ಮುಂದಿದ್ದವರೇ ಹೊಸ ಪುಸ್ತಕದಲ್ಲಿ ಇನ್ನೆಲ್ಲೋ ಇದ್ದಾರೆ. ಹೀಗೆ ನೂರಾರು ಕಸುಬು, ನೂರಾರು ಮನೆಮಾತು ಬೆರೆತ ಒಂದು ಬಂದರಿನ ಜನರನ್ನು, ಲಂಡನ್ನಿನಲ್ಲಿ ಕೂತು ಪುಟ ತಿರುವುವವರಿಗೆ ಅನುಕೂಲ ಆಗಲಿ ಎಂದು, ಒಂದು ಪುಟಕ್ಕೆ ಒಂದು ಜಾತಿಯಂತೆ ಹಂಚಿ ಇಟ್ಟರು. ಹೆಸರಿಲ್ಲ, ವಯಸ್ಸಿಲ್ಲ. ಅವರ ಮುಖ ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಯಾಕೆಂದರೆ ಅಷ್ಟು ಹೊತ್ತು ಅಲ್ಲಾಡದೆ ನಿಂತವರಿಗೆ ಒಂದು ಹೆಸರನ್ನಾದರೂ ಕೊಡಬಹುದಿತ್ತು.

ಈಗ ನಮ್ಮ ಕಡೆಗೆ ಬರೋಣ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಹಳೇ ಕಟ್ಟಡಗಳ ಚಿತ್ರ ಬರೆಸುವ ಬದಲು ಫೋಟೋ ತೆಗೆಸಿ ಎಂದು ಹೇಳಿತು. ಕೈಯಲ್ಲಿ ಬರೆಸುವುದಕ್ಕಿಂತ ಇದು ಬೇಗ, ಇದಕ್ಕೆ ಖರ್ಚೂ ಕಡಿಮೆ. ಮುಂಬಯಿ ಸರ್ಕಾರ ಕ್ಯಾಪ್ಟನ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಕಳಿಸಿತು. ಎಲ್ಲಿಗೆ? ಬಿಜಾಪುರ, ಬಾದಾಮಿ, ಐಹೊಳೆ. ಅವನನ್ನು ಸೇನೆ ವಾಪಸು ಕರೆಸಿಕೊಂಡ ಮೇಲೆ ಡಾಕ್ಟರ್ ಪಿಗೂ ಆ ಕೆಲಸ ಮುಂದುವರಿಸಿದ. ಈ ಚಿತ್ರಗಳನ್ನೆಲ್ಲ ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕಗಳು ಬಂದವು. ಒಂದು ಬಿಜಾಪುರದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಯದ್ದು. ಅಂಥ ಪುಸ್ತಕ ತರಲು ತುಂಬ ದುಡ್ಡು ಬೇಕಿತ್ತು. ಅದನ್ನು ಕೊಟ್ಟವರು ಮುಂಬಯಿಯ ಸಾಹುಕಾರರು.

ಆ ಸಾಹುಕಾರರ ಹತ್ತಿರ ಅಷ್ಟು ದುಡ್ಡು ಎಲ್ಲಿಂದ ಬಂತು? ಇಲ್ಲಿ ಫೋಟೋ ಬದಿಗಿಟ್ಟು ವ್ಯಾಪಾರದ ಲೆಕ್ಕ ತೆಗೆಯಬೇಕು. 1861ರಲ್ಲಿ ಅಮೆರಿಕದಲ್ಲಿ ಒಳಜಗಳ ಶುರುವಾಗಿ ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳು ಇಲ್ಲಿಯ ಹತ್ತಿಗೆ ಮುಗಿಬಿದ್ದವು, ಬೆಲೆ ಗಗನಕ್ಕೆ ಏರಿತು. ಆ ಹತ್ತಿಯಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯದ್ದೂ ಇತ್ತು. ಎತ್ತಿನ ಮೇಲೆ, ಗಾಡಿಯಲ್ಲಿ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಆ ದಾರಿಯಲ್ಲಿ ಬಂದ ಹತ್ತಿಯನ್ನು ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಕರೆಯುತ್ತಿದ್ದರು. ಆಗಿನ ಕೊಲಾಬಾದ ಹತ್ತಿ ಬಯಲಿನ ಫೋಟೋಗಳಿವೆ. ಅಂಡಿಗೆಯ ಮೇಲೆ ಅಂಡಿಗೆ, ಗುಡ್ಡದಷ್ಟು. ಯಾವ ಅಂಡಿಗೆ ಯಾವ ಊರಿನದ್ದು ಎಂದು ಚಿತ್ರ ಹೇಳುವುದಿಲ್ಲ. ಆದರೆ ವ್ಯಾಪಾರದ ದಾಖಲೆಗಳಲ್ಲಿ ಧಾರವಾಡ, ಕುಮಟಾ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅಂದರೆ ಬಾದಾಮಿ, ಬಿಜಾಪುರದ ಚಿತ್ರಗಳು ಪುಸ್ತಕ ಆದದ್ದರಲ್ಲಿ ನಮ್ಮ ರೈತರು ಬೆಳೆದ ಹತ್ತಿಯ ಪಾಲೂ ಇದೆ. ಇದು ನನಗೆ ಬಹಳ ಮುಖ್ಯವಾದ ವಿಷಯ, ಯಾಕೆಂದರೆ ಬ್ರಿಟಿಷರು ನಮ್ಮ ದೇವಸ್ಥಾನಗಳ ಚಿತ್ರ ತೆಗೆದು ಉಪಕಾರ ಮಾಡಿದರು ಎಂದು ಹೇಳುವಾಗ ಖರ್ಚಿನ ಈ ಕಡೆ ಯಾರೂ ನೋಡುವುದಿಲ್ಲ.

ಇದಕ್ಕೇ ಅಂಟಿಕೊಂಡ ಇನ್ನೊಂದು ಸಂಗತಿ. ಕಾರವಾರದ ಬಂದರನ್ನು ಬೆಳೆಸಿ ಧಾರವಾಡದ ಹತ್ತಿಯನ್ನು ನೇರವಾಗಿ ಸಾಗಿಸಬೇಕು ಎಂದು ಮ್ಯಾಂಚೆಸ್ಟರಿನವರ ಒತ್ತಾಯವಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದ್ದು ಇದೇ ಹೊತ್ತಿನಲ್ಲಿ, ಇದೇ ಲೆಕ್ಕಾಚಾರದಲ್ಲಿ. ಕೊನೆಗೆ ರೈಲು ಕಾರವಾರಕ್ಕೆ ಬರಲಿಲ್ಲ, 1880ರ ದಶಕದಲ್ಲಿ ಗೋವಾದ ಮುರ್ಮುಗೋವಾ ಕಡೆ ಹೋಯಿತು. ಕಾರವಾರ ಹಾಗೇ ಉಳಿಯಿತು. ಜಿಲ್ಲೆ ಮಾತ್ರ 1956ರವರೆಗೆ ಮುಂಬಯಿಯ ಕೈಯಲ್ಲೇ ಇತ್ತು.

ಹತ್ತಿಯ ದುಡ್ಡಿನಲ್ಲಿ ಮುಂಬಯಿ ಕುಣಿಯಿತು. ಗವರ್ನರ್ ಬಾರ್ಟಲ್ ಫ್ರೇರ್ ಕೋಟೆ ಗೋಡೆ ಒಡೆಸಿದ. ಚರ್ಚ್‌ಗೇಟ್ ಎಂಬ ಬಾಗಿಲು ಹೋಗಿ ಹೆಸರು ಮಾತ್ರ ಉಳಿಯಿತು. ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳು ಹುಟ್ಟಿದವು, ಷೇರುಗಳ ಹುಚ್ಚು ಹಿಡಿಯಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿ ಬೆಲೆ ಕುಸಿಯಿತು, ಎಷ್ಟೋ ಕಂಪನಿಗಳು, ಬ್ಯಾಂಕುಗಳು ಮುಳುಗಿದವು. ಆದರೆ ಆಮೇಲಿನ ಹತ್ತು ವರ್ಷದ ಫೋಟೋಗಳನ್ನು ನೋಡಿ. ಎಲ್ಲ ಕಡೆ ಹೊಸ ಕಲ್ಲಿನ ಕಟ್ಟಡ, ಕಮಾನು, ಗೋಪುರ. ಊರು ಏರುತ್ತಲೇ ಇದೆ ಅನ್ನಿಸುತ್ತದೆ. ಈಗ ಜನಗಣತಿ ತೆಗೆಯಿರಿ. 1864ರಲ್ಲಿ 8,16,562 ಜನ. 1872ರಲ್ಲಿ 6,44,405. ಒಂದು ಲಕ್ಷ ಎಪ್ಪತ್ತೆರಡು ಸಾವಿರ ಜನ ಕಡಿಮೆ! ಕೆಲಸ ಹುಡುಕಿ ಬಂದವರು ಕೆಲಸ ಇಲ್ಲದೆ ಹೊರಟು ಹೋಗಿದ್ದರು. ಅವರು ಗಂಟು ಹೊತ್ತು ಹೊರಟ ಚಿತ್ರ ಯಾರೂ ತೆಗೆದಿಲ್ಲ, ತೆಗೆಸುವವರು ಇರಲಿಲ್ಲ. ಆ ಎರಡು ಸಂಖ್ಯೆ ಇಲ್ಲದಿದ್ದರೆ ಅವರು ಹೋದದ್ದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಇದೇ ಕಾಲದ ಒಂದು ದಾಖಲೆ ನನಗೆ ಎಲ್ಲ ಫೋಟೋಗಳಿಗಿಂತ ಜಾಸ್ತಿ ಇಷ್ಟ. ಕರ್ನಲ್ ಲಾಟನ್ 1865ರಿಂದ 1872ರವರೆಗೆ ನಡೆಸಿದ ಸರ್ವೆ. ನಲವತ್ತು ಅಡಿಗೆ ಒಂದು ಇಂಚಿನ ಅಳತೆಯ ನಕ್ಷೆಗಳು, ಒಂದೊಂದು ಕಟ್ಟಡವೂ ಬಿಡಿಬಿಡಿಯಾಗಿ ಕಾಣುವಷ್ಟು ದೊಡ್ಡವು. ಫೋಟೋದವರು ಕ್ಯಾಮೆರಾ ಹೊತ್ತು ಹೋಗದ ಗಲ್ಲಿಗಳಿಗೆ ಸರ್ವೆಯವರು ಸರಪಳಿ ಹಿಡಿದು ಹೋಗಿದ್ದರು. ನೆಲಕ್ಕೆ ತೆರಿಗೆ ಹಾಕಬೇಕಿತ್ತಲ್ಲ, ಬಿಟ್ಟು ಹೋಗುವ ಹಾಗಿರಲಿಲ್ಲ.

ಈಗ ಪ್ಲೇಗು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾಕ್ಟರ್ ವಿಯೇಗಸ್ ಒಬ್ಬ ರೋಗಿಯನ್ನು ನೋಡಿ ಇದು ಪ್ಲೇಗು ಎಂದು ಹೇಳಿದರು. ಮಾಂಡ್ವಿ ಬಂದರಿನ ಪಕ್ಕದ ಪೇಟೆ, ಧಾನ್ಯದ ಗೋದಾಮುಗಳು, ಇಲಿಗಳು. ಹಾಂಗ್‌ಕಾಂಗಿನಲ್ಲಿ ಎರಡು ವರ್ಷದ ಹಿಂದೆಯೇ ಪ್ಲೇಗು ಬಂದಿತ್ತು, ಹಡಗುಗಳು ಅಲ್ಲಿಂದ ಇಲ್ಲಿಗೆ ಓಡಾಡುತ್ತಲೇ ಇದ್ದವು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ನೆನಪಿರಲಿ, 2020ರಲ್ಲಿ ಕೊರೊನಾ ಬಂದಾಗ ನಮ್ಮ ಮೇಲೆ ಹಾಕಿದ್ದೂ ಇದೇ ಕಾಯ್ದೆ. ಮಾರ್ಚಿನಲ್ಲಿ ಜನರಲ್ ಗೆಟೇಕರ್ ಎಂಬ ಸೇನಾಧಿಕಾರಿಯ ಕೈಕೆಳಗೆ ಪ್ಲೇಗು ಸಮಿತಿ ಬಂತು. ಆ ಸಮಿತಿಯ ಕೆಲಸದ ಫೋಟೋಗಳನ್ನು ಕ್ಯಾಪ್ಟನ್ ಮಾಸ್ ಎಂಬ ಇನ್ನೊಬ್ಬ ಸೇನಾಧಿಕಾರಿ ತೆಗೆದ ಎಂದು ದಾಖಲಾಗಿದೆ. ಅವು ಈಗ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿವೆ, ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು.

ಏನಿದೆ ಅವುಗಳಲ್ಲಿ? ಪೈಪಿನಿಂದ ನೀರು ಹೊಡೆದು ಮನೆ ತೊಳೆಯುವ ತಂಡ. ಮನೆ ಹುಡುಕಲು ಹೊರಟ ಅಧಿಕಾರಿಗಳು. ಆಸ್ಪತ್ರೆಯ ಸಾಲು ಹಾಸಿಗೆ. ಹಾಸಿಗೆಯ ಪಕ್ಕ ಕೂತ ಮನೆಯವರು. ಎಲ್ಲವೂ ಶಿಸ್ತು, ಎಲ್ಲವೂ ಸಾಲು. ಯಾಕೆಂದರೆ ಇದು ಸಮಿತಿ ತಾನು ಮಾಡಿದ ಕೆಲಸವನ್ನು ತೋರಿಸಲು ಇಟ್ಟುಕೊಂಡ ಆಲ್ಬಂ. ಅಧಿಕಾರಿಗಳ ಹೆಸರು ಅಡಿಬರಹದಲ್ಲಿ ಸಿಗುತ್ತದೆ. ಹಾಸಿಗೆಯಲ್ಲಿ ಮಲಗಿದವರ ಹೆಸರು ಸಿಗುವುದು ತೀರ ಅಪರೂಪ.

ಇನ್ನು ಏನಿಲ್ಲ ಎಂದು ನೋಡೋಣ. 1896ರ ಅಕ್ಟೋಬರ್ 29ರಂದು ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದ್ದು ಇಲ್ಲ. 1898ರ ಮಾರ್ಚ್ 9ರಂದು, ಕಾಯಿಲೆ ಬಿದ್ದ ಹುಡುಗಿಯೊಬ್ಬಳನ್ನು ಹುಡುಕಾಟದ ತಂಡ ಎತ್ತಿಕೊಂಡು ಹೋಗುತ್ತದೆ ಎಂದು ಮದನಪುರದ ನೇಕಾರರು ಸಿಟ್ಟಿಗೆದ್ದು ಊರೆಲ್ಲ ಗಲಭೆಯಾದದ್ದು ಇಲ್ಲ. ಜನ ಯಾಕೆ ಅಷ್ಟು ಹೆದರಿದ್ದರು? ಮನೆಯವರನ್ನು ಬೇರೆ ಮಾಡುತ್ತಿದ್ದರು, ಹೆಂಗಸರ ಮೈ ಮುಟ್ಟಿ ನೋಡುತ್ತಿದ್ದರು, ಗಾಳಿ ಬೆಳಕು ಬರಲಿ ಎಂದು ಹಂಚು ಕಿತ್ತು ಹಾಕುತ್ತಿದ್ದರು. ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ತೀರ್ಮಾನ ಆದರೆ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಮೂರಕ್ಷರ ಬಳಿದು ಹೋಗುತ್ತಿದ್ದರು. ಆಸ್ಪತ್ರೆಗೆ ಹೋದವರು ವಾಪಸು ಬರುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಜನ ರೋಗಿಗಳನ್ನು ಅಡಗಿಸಿಟ್ಟರು. ಸತ್ತರೆ ಬೇರೆ ಜ್ವರ ಎಂದು ಬರೆಸಿದರು. ಹಾಗಾಗಿ ಪ್ಲೇಗಿನಿಂದ ಸತ್ತವರ ಸರ್ಕಾರಿ ಲೆಕ್ಕವನ್ನು ಪೂರ್ತಿ ನಂಬಲಾಗುವುದಿಲ್ಲ. ಆ ವರ್ಷ ಒಟ್ಟು ಎಷ್ಟು ಸಾವು, ಹಿಂದಿನ ವರ್ಷಗಳಲ್ಲಿ ಎಷ್ಟು ಎಂದು ಹೋಲಿಸಿದಾಗಲೇ ಪ್ಲೇಗಿನ ನಿಜವಾದ ಗಾತ್ರ ಸ್ವಲ್ಪವಾದರೂ ತಿಳಿಯುವುದು. ಆ ಕಾಲದ ಅಧಿಕಾರಿಗಳಿಗೇ ಇದು ಗೊತ್ತಿತ್ತು.

ಜನಗಣತಿ ಮತ್ತೆ ತೆಗೆಯಿರಿ. 1891ರಲ್ಲಿ 8,21,764. 1901ರಲ್ಲಿ 7,76,006. ಐದೇ ವರ್ಷಕ್ಕೆ, 1906ರಲ್ಲಿ ಮುನ್ಸಿಪಾಲಿಟಿಯವರೇ ಬೇರೆ ಎಣಿಕೆ ಮಾಡಿದಾಗ 9,77,822. ಪ್ಲೇಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೂ ಜನ ಬಂದರು. ಗಿರಣಿ ನಡೆಯುತ್ತಿತ್ತು, ಬಂದರು ನಡೆಯುತ್ತಿತ್ತು, ಹಳ್ಳಿಯಲ್ಲಿ ಹೊಟ್ಟೆಗೆ ಇರಲಿಲ್ಲ.

ಆ ಪ್ಲೇಗು ಮುಂಬಯಿಯಲ್ಲೇ ನಿಲ್ಲಲಿಲ್ಲ. ರೈಲಿನ ದಾರಿ ಹಿಡಿದು ಹುಬ್ಬಳ್ಳಿ ಧಾರವಾಡಕ್ಕೆ ಬಂತು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದರು. 1898ರ ಆಗಸ್ಟಿನಲ್ಲಿ ರೋಗ ಬೆಂಗಳೂರು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬೇಗ ಬೆಳೆದದ್ದು ಆಮೇಲೆ. ಬೆಂಗಳೂರಿನ ಅಗಲ ರಸ್ತೆ, ಸಾಲು ಮರದ ಬಡಾವಣೆಗಳ ಹಳೇ ಫೋಟೋ ನೋಡುವಾಗ ಮಾಂಡ್ವಿಯ ಗೋದಾಮಿನ ಇಲಿಯೂ ನೆನಪಿರಬೇಕು ಎಂದು ನಾನು ಹೇಳುವುದು ಇದಕ್ಕೇ.

ಸಭೆಯಲ್ಲಿ ಒಬ್ಬರು ಹಿರಿಯರು ಕೇಳಿದರು: ಹಾಗಾದರೆ ಈ ಚಿತ್ರಗಳಲ್ಲಿ ನಮ್ಮವರು ಎಲ್ಲಿದ್ದಾರೆ ಸಾರ್? ಕರಾವಳಿಯಿಂದ ಹಡಗಿನಲ್ಲಿ ಬಂದು ಭಾವುಚಾ ಧಕ್ಕೆಯಲ್ಲಿ ಇಳಿದವರು, ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರು? ಸರ್ಕಾರಿ ಆಲ್ಬಂಗಳಲ್ಲಿ ಅವರು ಇಲ್ಲ. ಇದ್ದರೂ ಯಾರೆಂದು ಗೊತ್ತಾಗದ ಹಾಗಿದ್ದಾರೆ. ಆದರೆ ದಾಖಲೆ ಇಲ್ಲ ಎಂದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ 1902ರಲ್ಲೇ ಹುಟ್ಟಿತ್ತು, ಅಂದರೆ ಪ್ಲೇಗಿನ ನಡುವೆಯೇ. ಮುಂಬಯಿಯದೇ ಆದ ಮೈಸೂರು ಅಸೋಸಿಯೇಷನ್ 1926ರದ್ದು. ಇಂಥ ಸಂಸ್ಥೆಗಳ ಹಳೇ ಸಭೆಯ ಪುಸ್ತಕ, ಚಂದಾ ರಸೀದಿ, ವಾರ್ಷಿಕ ವರದಿ, ರಾತ್ರಿ ಶಾಲೆಯ ಹಾಜರಿ ಪುಸ್ತಕ ಇವೆಲ್ಲವೂ ಚರಿತ್ರೆಯೇ. ಬಂದರಿನ ಚರಿತ್ರೆ ಗವರ್ನರುಗಳ ಕಾಗದದಲ್ಲಿ ಮಾತ್ರ ಇದೆ ಎಂದು ನಾವು ನಂಬಿದ್ದರಿಂದಲೇ ಇವನ್ನು ರದ್ದಿಗೆ ಹಾಕುತ್ತಾ ಬಂದಿದ್ದೇವೆ. ದಯವಿಟ್ಟು ಹಾಕಬೇಡಿ.

ಮನೆಯ ಫೋಟೋಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಅಜ್ಜ ಗಿರಗಾಂವಿನ ಸ್ಟುಡಿಯೋದಲ್ಲಿ ಕೋಟು ತೊಟ್ಟು ತೆಗೆಸಿ ಊರಿಗೆ ಕಳಿಸಿದ ಪಟ ನಿಮ್ಮಲ್ಲಿ ಇರಬಹುದು. ಅದು ಅವರೇ ತೆಗೆಸಿದ್ದು, ಅವರದೇ ದುಡ್ಡು, ಹೇಗೆ ಕಾಣಬೇಕು ಎಂದು ಅವರೇ ತೀರ್ಮಾನ ಮಾಡಿದ್ದು. ಜಾನ್ಸನ್ ನಿಲ್ಲಿಸಿದವರಿಗೂ ಇವರಿಗೂ ಇರುವ ವ್ಯತ್ಯಾಸ ಇದೇ. ಅದರ ಹಿಂಬದಿಯನ್ನು ಮೊದಲು ನೋಡಿ, ಸ್ಟುಡಿಯೋದ ಮುದ್ರೆ, ಬೀದಿಯ ಹೆಸರು ಇರುತ್ತದೆ. ಹಿರಿಯರು ಇರುವಾಗಲೇ ಕೂರಿಸಿಕೊಂಡು, ಅಮ್ಮ ಇವರು ಯಾರು, ಎಲ್ಲಿ ಕೆಲಸ ಮಾಡುತ್ತಿದ್ದರು, ಯಾರ ಕೋಣೆಯಲ್ಲಿ ಇದ್ದರು ಎಂದು ಕೇಳಿ ಬರೆದಿಡಿ. ಬಾಲ್‌ಪೆನ್ನು ಬೇಡ, ಮೆದು ಪೆನ್ಸಿಲ್ ಸಾಕು, ಒತ್ತಿ ಬರೆಯಬೇಡಿ. ಅಂಟು ಇರುವ ಪ್ಲಾಸ್ಟಿಕ್ ಆಲ್ಬಂನಿಂದ ಬಿಡಿಸಿ ಕಾಗದದ ಲಕೋಟೆಗೆ ಹಾಕಿ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ, ಎಷ್ಟೋ ಜನ ಇದನ್ನು ಬಿಡುತ್ತಾರೆ.

ಕೊನೆಗೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆ: ಸರ್ಕಾರಿ ಕಡತ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ? ಮೊದಲು 1909-10ರ ಮುಂಬಯಿ ನಗರದ ಗೆಜೆಟಿಯರ್ ಓದಿ, ಮೂರು ಸಂಪುಟ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಆಮೇಲೆ ಕಾಲಾಘೋಡಾದಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಹೋಗಿ. ಇದರ ಮೂಲ 1821ರ ಬಾಂಬೆ ರೆಕಾರ್ಡ್ ಆಫೀಸ್. ಕಡತಗಳು ಊರಿನ ಹೆಸರಿನಲ್ಲಿ ಇರುವುದಿಲ್ಲ, ಇಲಾಖೆ ಮತ್ತು ವರ್ಷದ ಪ್ರಕಾರ ಇರುತ್ತವೆ. ಕಂದಾಯ, ಸಾಮಾನ್ಯ ಆಡಳಿತ, ಲೋಕೋಪಯೋಗಿ ಹೀಗೆ. ಆದ್ದರಿಂದ ವರ್ಷ ಗೊತ್ತುಮಾಡಿಕೊಂಡು ಹೋಗಿ. ಧಾರವಾಡ, ಬೆಳಗಾವಿ, ಬಿಜಾಪುರದ ವಿಷಯವಾದರೆ ಅಲ್ಲಿ ಬೇಕಾದಷ್ಟಿದೆ. ಉತ್ತರ ಕನ್ನಡದ್ದು 1862ರಿಂದ ಈಚೆಗೆ ಅಲ್ಲಿ ಹುಡುಕಿ. ಅದಕ್ಕಿಂತ ಹಿಂದಿನದ್ದಕ್ಕೆ, ಮತ್ತು ಮಂಗಳೂರು ಕಡೆಯದ್ದಕ್ಕೆ, ಚೆನ್ನೈನ ಪತ್ರಾಗಾರದಲ್ಲಿ ವಿಚಾರಿಸಬೇಕು.